ಅಬ್ಬಾನ ಹೆಸರಿನ ಅಂಗಳ

ಸವಣೂರು
27-3-2026, ಶುಕ್ರವಾರ

ಪ್ರೀತಿಯ ಮಗ ಮುಜಾಫರನಿಗೆ ಅಮ್ಮಿಯ ಸಲಾಮು, ಬೊಗಸೆ ತುಂಬ ದುವಾ.

ಹೇಗಿದ್ದೀಯಪ್ಪಾ? ಅರುಣಾಚಲದಲ್ಲಿ ಇನ್ನೂ ಚಳಿ ಹೋಗಿಲ್ಲ ಎಂದು ಶಬನಮ ಹೇಳಿದಳು. ಸುರಂಗದ ದೂಳು ನಿನಗೆ ಆಗಿಬರುತ್ತಿಲ್ಲ, ಹೋದ ಸಲ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಮಷೀನಿನ ಮೇಲೆ ಕೂರುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಅಲ್ಲಿ ನಿನ್ನ ಗಂಡಸ್ತನ ನೋಡುವವರು ಯಾರೂ ಇಲ್ಲ. ಶಬನಮ, ಗುಲ್ನಾರ, ನಿನ್ನ ಹೆಂಡತಿ ಮಗಳಿಬ್ಬರೂ ಆರಾಮಾಗಿದ್ದಾರೆ. ನನ್ನ ಮಂಡಿನೋವು ಇದ್ದ ಹಾಗೆ ಇದೆ. ಎಡ ಅಂಗಾಲಿಗೆ ಬೊಬ್ಬೆ ಬಂದಿದೆ, ಅದು ಹೇಗೆ ಬಂತೆಂದು ಮುಂದೆ ಹೇಳುತ್ತೇನೆ. ಫೋನ್ ಇರುವಾಗ ಅಮ್ಮಿ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಈ ಮಾತನ್ನು ಫೋನಿನಲ್ಲಿ ತೆಗೆದರೆ ನೀನು ಪೂರ್ತಿ ಕೇಳದೆ ಬೇಡ ಎಂದು ಇಟ್ಟುಬಿಡುತ್ತೀ. ಗುಲ್ನಾರಳ ಕೈಯಲ್ಲಿ ಬರೆಸೋಣವೆಂದರೆ ಕಟಕಟೆಯಲ್ಲಿ ನಿಂತವಳೇ ಅವಳು. ಹಾಗಾಗಿ ಏಳನೇ ಇಯತ್ತೆ ಪಾಸಾದ ನನ್ನ ಕನ್ನಡವೇ ಗತಿ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಬೆಳಗಿನಿಂದ ನಾಲ್ಕು ಸಲ ಎದ್ದು ಕೂತು ಬರೆಯುತ್ತಿದ್ದೇನೆ.

ವಿಷಯ ಶಾಲೆಯ ಅಂಗಳದ್ದು. ನಿನ್ನ ಅಬ್ಬಾ ಮೂವತ್ತೊಂದು ವರ್ಷ ಸಿಪಾಯಿಯಾಗಿ ಗುಡಿಸಿದ ಅಂಗಳ. ಅವರು ತೀರಿಕೊಂಡ ಮರುವರ್ಷ ನೀನು ನಿನ್ನ ದುಡಿಮೆಯನ್ನೆಲ್ಲ ಸುರಿದು ಗೋಡೆಯಿಂದ ಗೋಡೆಗೆ ಪೇವರ್ ಕಲ್ಲು ಹಾಸಿಸಿದೆ. ಗೇಟಿನ ಬಳಿ ಕರಿಕಲ್ಲು ನಿಲ್ಲಿಸಿ, ದಿವಂಗತ ಅಕ್ಬರಸಾಬ ಇವರ ಸ್ಮರಣಾರ್ಥ ಎಂದು ಬರೆಸಿ, ಕೆಳಗೆ ನಿನ್ನ ಹೆಸರು ಹಾಕಿಸಿದೆ. ಆ ಪೇವರ್ ಕಲ್ಲುಗಳನ್ನು ಎಬ್ಬಿಸಬೇಕು ಎಂದು ಈಗ ಶಾಲೆಯ ಮಕ್ಕಳು ಹಟ ಹಿಡಿದಿದ್ದಾರೆ. ಅವರ ಮುಂದಾಳು ನಿನ್ನ ಮಗಳು. ಹಲ್ಲು ಕಡಿಯಬೇಡ, ಪೂರ್ತಿ ಓದು.

ಈ ವರ್ಷ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು, ನಮ್ಮ ಸವಣೂರು, ಈ ನಾಲ್ಕು ತಾಲೂಕಿನ ಕೆಲವು ಶಾಲೆಗಳಲ್ಲಿ ಹೊಸದೊಂದನ್ನು ಶುರು ಮಾಡಿದ್ದಾರೆ. ತಮ್ಮ ಶಾಲೆಯಿಂದ ನೆಲಕ್ಕೆ, ನೀರಿಗೆ ಏನು ಕೆಡುಕಾಗುತ್ತಿದೆ ಎಂದು ಮಕ್ಕಳೇ ಹುಡುಕಬೇಕು, ಮಕ್ಕಳೇ ಸರಿಮಾಡಬೇಕು. ಮಕ್ಕಳು ಕೇಳಿದಾಗ ಮಾತ್ರ ಮಾಸ್ತರರು ಬಾಯಿ ಬಿಡಬೇಕು. ಹಂಸಭಾವಿ ಕಡೆಯ ಮಕ್ಕಳು ತಾಟು ತೊಳೆದ ನೀರಿನಲ್ಲಿ ಪಾಲಕ ಬೆಳೆದು ತಮ್ಮ ಬಿಸಿಯೂಟದ ಸಾರಿಗೇ ಹಾಕಿಸಿದರಂತೆ. ಎಲ್ಲ ಶಾಲೆಯವರೂ ಗೊಟಗೋಡಿಯಲ್ಲಿ ಸೇರಿದ್ದರು. ಅಲ್ಲಿಂದ ಬಂದ ದಿನ ಗುಲ್ನಾರ ಉಣ್ಣುವಾಗಲೂ ಬಾಯಿ ಮುಚ್ಚಲಿಲ್ಲ. ನಾನೂ ಹಿಗ್ಗಿದೆ. ನಮ್ಮವರೂ ಪಾಲಕ ಬೆಳೆಯಲಿ ಎಂದುಕೊಂಡೆ. ನಮ್ಮ ಶಾಲೆಯಲ್ಲಿ ಅವರಿಗೆ ಸಿಗುವ ಕೆಡುಕು ನಾವು ಹಾಸಿದ ಕಲ್ಲೇ ಎಂದು ನನಗೇನು ಕನಸು ಬಿದ್ದಿತ್ತೇ?

ರಂಜಾನ್ ಹಬ್ಬದ ಮರುದಿನ ಶಾವಿಗೆ ಹಾಲಿನ ಸುರಕುಂಬಾ ಕುಡಿಯಲು ಐದು ಮಕ್ಕಳು ಬಂದರು. ಹೊಟ್ಟೆ ತುಂಬ ಕುಡಿಯಲಿ ಎಂದು ಗೋಡಂಬಿ ಆಯ್ದು ಆಯ್ದು ಹಾಕಿ ಕೊಟ್ಟೆ. ಬಟ್ಟಲು ಅರ್ಧವಾಗುವಷ್ಟರಲ್ಲಿ ಪೂಜಾ ಎಂಬ ಹುಡುಗಿ, ಗುಲ್ನಾರಳ ಜೋಡಿ ಕೂರುವವಳು, ಚೀಲದಿಂದ ಅರ್ಜಿ ತೆಗೆದು ಓದತೊಡಗಿದಳು. ಮಧ್ಯಾಹ್ನ ಒಂದಕ್ಕೆ ಕಲ್ಲಿನ ಮೇಲೆ ಬಿಸಿ ಐವತ್ತೊಂದು ಡಿಗ್ರಿ. ಅಡಿಗೆಕೋಣೆಯ ಹಿಂದಿನ ಮಣ್ಣಿಗೆ ಸುರಿದ ಒಂದು ಕೊಡ ನೀರು ಆರು ನಿಮಿಷದಲ್ಲಿ ಇಂಗಿತು, ಕಲ್ಲಿನ ಮೇಲೆ ಸುರಿದದ್ದು ಗೇಟು ದಾಟಿ ರಸ್ತೆಗೆ ಹೋಯಿತು. ಕಲ್ಲು ಹಾಸಿದ ಮೇಲೆ ಬೋರಿನ ನೀರು ಎರಡು ಬೇಸಿಗೆ ಕೈಕೊಟ್ಟಿದೆ, ಗಂಟೆ ಕಟ್ಟಿದ ಬೇವಿನ ಮರ ತುದಿಯಿಂದ ಒಣಗುತ್ತಿದೆ. “ಎಲ್ಲಾ ಕಲ್ಲು ತಗೀತೇವಿ ಅನ್ನಾಕತ್ತಿಲ್ರಿ ಅಜ್ಜಿ, ಅರ್ಧ ಅಷ್ಟ. ಆದ್ರ ನೀರು ಇಳಿದು ಬರೋದು ಗೇಟಿನ ಕಡೆನ. ಇಂಗುಗುಂಡಿ ಅಲ್ಲೇ ಆಗಬೇಕ್ರಿ” ಎಂದಳು. ಗೇಟಿನ ಕಡೆ ಎಂದರೆ ಅಬ್ಬಾನ ಹೆಸರಿನ ಕರಿಕಲ್ಲು ಇರುವಲ್ಲಿ.

ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. ಆ ಅಂಗಳದಲ್ಲಿ ಮಳೆಗಾಲಕ್ಕೆ ಮೊಣಕಾಲುದ್ದ ಕೆಸರಾಗುತ್ತಿದ್ದುದನ್ನು ಹೇಳಿದೆ. ಅಬ್ಬಾ ಬುಟ್ಟಿಗಟ್ಟಲೆ ಗರಸು ಮಣ್ಣು ಹೊತ್ತು ಹಾಕಿದರೂ ಬೈಸಿಕೊಂಡದ್ದನ್ನು ಹೇಳಿದೆ. ಬಹುಮಾನ ಕೊಡಲು ಬಂದ ಸಾಹೇಬರೊಬ್ಬರು ಜಾರಿ ಬಿದ್ದಾಗ, ಆಗಿನ ಹೆಡ್‌ಮಾಸ್ತರರು ಇಡೀ ಶಾಲೆ ಸಾಲಾಗಿ ನಿಂತಿರುವಾಗಲೇ “ಏ ಅಕ್ಬರ್‍ಯಾ, ಸಾಹೇಬ್ರ ಬೂಟು ತೊಳಿಯೋ” ಎಂದು ಕೂಗಿದ್ದು, ಅಬ್ಬಾ ಕುಕ್ಕರಗಾಲಿನಲ್ಲಿ ಕೂತು ತೊಳೆದದ್ದು, ಅದನ್ನೂ ಹೇಳಿಬಿಟ್ಟೆ. ಮೊಮ್ಮಗಳ ಎದುರಿಗೆ ಎಂದೂ ಆಡಬಾರದೆಂದು ಇಟ್ಟುಕೊಂಡಿದ್ದ ಮಾತು. “ಆ ಕೆಸರು ವಾಪಸ್ ಬೇಕೇನ್ರೇ ನಿಮಗ? ಏಳ್ರಿ, ನಡೀರಿ” ಎಂದೆ. ಅರ್ಧ ಬಟ್ಟಲು ಬಿಟ್ಟು ಎದ್ದು ಹೋದರು. ಹಬ್ಬಕ್ಕೆ ಬಂದ ಮಕ್ಕಳನ್ನು ಎಬ್ಬಿಸಿ ಕಳಿಸಿದೆನಲ್ಲ ಎಂದು ಆಮೇಲೆ ನಾಚಿಕೆಯಿಂದ ಸತ್ತುಹೋದೆ. ಗುಲ್ನಾರ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ನಿನಗೊಂದು ಮಾತು ಹೇಳಬೇಕು, ಇಷ್ಟು ವರ್ಷ ಹೇಳಿಲ್ಲ. ಬೂಟು ತೊಳೆದ ದಿನ ಎಂಟನೇ ಇಯತ್ತೆಯ ಸಾಲಿನಲ್ಲಿ ನೀನು ನಿಂತಿದ್ದೆ. ಮನೆಗೆ ಬಂದು ಯಾರಿಗೂ ಹೇಳಲಿಲ್ಲ, ರೊಟ್ಟಿ ಮುರಿಯದೆ ತಾಟಿನಲ್ಲೇ ಬಿಟ್ಟು ಮಲಗಿದೆ. ನನಗೆ ಹೇಳಿದವರು ಅಬ್ಬಾನೇ. “ಹುಡುಗ ನೋಡ್ಯಾನ. ಅವನ್ನ ಏನೂ ಕೇಳಬ್ಯಾಡ” ಎಂದರು. ನಾನು ಕೇಳಲಿಲ್ಲ. ನೀನು ಕಲ್ಲು ಹಾಸಿಸುತ್ತೇನೆ ಎಂದಾಗಲೂ ಯಾಕೆಂದು ಕೇಳಲಿಲ್ಲ. ಕೇಳದೆಯೇ ಗೊತ್ತಿತ್ತು.

ಮಂಗಳವಾರ ಮನಸ್ಸು ತಡೆಯದೆ ಮಧ್ಯಾಹ್ನ ಶಾಲೆಗೆ ಹೋದೆ. ಮಕ್ಕಳ ಲೆಕ್ಕ ಸುಳ್ಳು ಎಂದು ತೋರಿಸಬೇಕಿತ್ತು. ಚಪ್ಪಲಿ ಬಿಟ್ಟು ಕರಿಕಲ್ಲಿನ ಮುಂದೆ ನಿಂತು ಅಬ್ಬಾನಿಗೆ ಫಾತಿಹಾ ಓದೋಣವೆಂದರೆ ಅರ್ಧಕ್ಕೇ ಕಾಲು ಎತ್ತಿ ಎತ್ತಿ ಇಡುವ ಹಾಗಾಯಿತು. ಹಟಕ್ಕೆ ಬಿದ್ದು ಮುಗಿಸಿಯೇ ಕಾಲು ತೆಗೆದೆ. ಬೊಬ್ಬೆ ಬಂದದ್ದು ಹೀಗೆ. ನಾನು ಅಲ್ಲಿ ನಿಂತಿರುವಾಗಲೇ ಬಿಸಿಯೂಟದ ಗಂಟೆ ಬಾರಿಸಿದರು. ಚಪ್ಪಲಿ ಇಲ್ಲದ ಸಣ್ಣ ಹುಡುಗಿಯರು ತಾಟು ಹಿಡಿದು, ಅನ್ನ ಚೆಲ್ಲಿಕೊಂಡು, ಕುಪ್ಪಳಿಸುತ್ತ ಅಂಗಳ ದಾಟಿದರು. ಅಬ್ಬಾನಿಗೆ ಪುಣ್ಯ, ಸವಾಬು ತಲುಪಲಿ ಎಂದು ನೀನು ಹಾಸಿಸಿದ ಕಲ್ಲು. ಮಕ್ಕಳ ಅಂಗಾಲು ಸುಟ್ಟು ಬರುವ ಸವಾಬು ಹೇಗೆ ಅವರಿಗೆ ತಲುಪೀತು? ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಬ್ಬಾನಿಗೆ ಕೆಸರೆಂದರೆ ಇಷ್ಟವಿತ್ತು ಎಂದು ಬರೆದು ನಿನ್ನ ಮನಸ್ಸು ತಿರುಗಿಸಬಹುದಿತ್ತು, ಆದರೆ ಸುಳ್ಳು ಹೇಳಲಾರೆ. ಸಾಯುವವರೆಗೂ ಅವರು ಕೆಸರನ್ನು ಬೈದವರೇ. ಆದರೆ ಬೈದದ್ದು ಮಣ್ಣಿಗೋ ಆ ಮನುಷ್ಯರಿಗೋ ಎಂದು ಈಗ ಕೇಳಿದರೆ ನನಗೆ ತಿಳಿಯದು.

ನಿನ್ನೆ ಸಂಜೆ ಮಕ್ಕಳು ಮತ್ತೆ ಬಂದರು. ಹೆದರಿ ಹೊಸ್ತಿಲಾಚೆಯೇ ನಿಂತಿದ್ದರು, ನಾನೇ ಕೈಹಿಡಿದು ಒಳಗೆ ತಂದೆ. ಅರ್ಜಿಯನ್ನು ತಿದ್ದಿ ಬರೆದಿದ್ದರು. ಕರಿಕಲ್ಲನ್ನು ಕಿತ್ತು ಎಸೆಯದೆ ಬೇವಿನ ಮರದ ಕಟ್ಟೆಗೆ ಕೂರಿಸುತ್ತಾರಂತೆ. ಓಡಾಡುವ ದಾರಿಗೆ ಕಲ್ಲು ಉಳಿಯುತ್ತದೆ, ಉಳಿದದ್ದು ಮಣ್ಣು, ಹುಲ್ಲು, ಗಿಡ. ಕೊನೆಗೆ ಗುಲ್ನಾರಳ ಅಕ್ಷರದಲ್ಲಿ ಹೊಸದೊಂದು ಮಾತು ಇತ್ತು. ಮಳೆಗಾಲದಲ್ಲಿ ಯಾರ ಕಾಲು ಕೆಸರಾದರೂ ಅವರವರೇ ತೊಳೆದುಕೊಳ್ಳಬೇಕು, ಸಿಪಾಯಿಯನ್ನು ಕರೆಯುವಂತಿಲ್ಲ, ಗುರುಗಳಿಗೂ ಬಂದ ಸಾಹೇಬರಿಗೂ ಇದೇ ನಿಯಮ ಎಂದು. ಈಗಿನ ಹೆಡ್‌ಮಾಸ್ತರರು ಒಳ್ಳೆಯವರೇ, ಆದರೂ ಪುಕ್ಕಲು. “ಸಾಹೇಬ್ರು ಅನ್ನೋ ಶಬ್ದ ಒಂದ ತಗದುಬಿಡವಾ” ಅಂದರಂತೆ. “ಅದನ್ನ ತಗದ್ರ ಕಲ್ಲೂ ಹಂಗ ಇರ್ಲಿ ಬಿಡ್ರಿ ಸರ್” ಎಂದಳಂತೆ ನಿನ್ನ ಮಗಳು. ಅವರು ಸೋತರು. ಆದರೆ ದಾನ ಕೊಟ್ಟವರ ಸಹಿ ಇಲ್ಲದೆ ಒಂದು ಕಲ್ಲೂ ಅಲುಗಾಡುವಂತಿಲ್ಲ ಎಂದು ಗಟ್ಟಿಯಾಗಿ ಹೇಳಿದ್ದಾರೆ. ದಾನ ಕೊಟ್ಟವನು ನೀನು.

ಅದಕ್ಕೇ ಈ ಕಾಗದ. ಏಪ್ರಿಲ್ ಹತ್ತಕ್ಕೆ ಶಾಲೆಗೆ ಸೂಟಿ. ಸೂಟಿಯಲ್ಲೇ ಕೆಲಸ ಮುಗಿದರೆ ಈ ವರ್ಷದ ಮಳೆ ಸಿಗುತ್ತದೆ, ತಪ್ಪಿದರೆ ಆ ಬೇವಿನ ಮರ ಇನ್ನೊಂದು ಬೇಸಿಗೆ ತಾಳುವುದಿಲ್ಲ. ದಿನವೂ ಬೆಟ್ಟ ಕೊರೆಯುವ ನಿನಗೆ ನೀರು ಹೋಗುವ ದಾರಿಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸಮಾಧಾನದಿಂದ ಓದಿ, ಮನಸ್ಸಿಗೆ ಬಂದರೆ ಸಹಿ ಹಾಕಿ ಕಳಿಸು. ಬೇಡ ಎನ್ನುವ ಹಕ್ಕೂ ನಿನ್ನದೇ.

ಹೊತ್ತಿಗೆ ಸರಿಯಾಗಿ ಉಣ್ಣು. ಶಬನಮ ಸಲಾಮು ಹೇಳಿದ್ದಾಳೆ, ಗುಲ್ನಾರ ನಿನ್ನ ಉತ್ತರಕ್ಕೆ ಉಗುರು ಕಚ್ಚುತ್ತ ಕೂತಿದ್ದಾಳೆ. ಅಲ್ಲಾ ನಿನ್ನನ್ನು ಆ ಸುರಂಗದಿಂದ ದಿನವೂ ಸುಖವಾಗಿ ಹೊರಗೆ ಕರೆತರಲಿ.

ನಿನ್ನ ಅಮ್ಮಿ,
ಹಾಜರಾಬಿ

ತಾ.ಕ.: ಲಕೋಟೆ ಜಾಲಾಡಬೇಡ, ಅರ್ಜಿ ಅದರಲ್ಲಿಲ್ಲ. ನಿನಗೆ ಕಳಿಸಿದ್ದೇನೆ ಎಂದು ಮಕ್ಕಳಿಗೆ ಹೇಳಿದ್ದೇನೆ, ಅದು ನನ್ನ ಟ್ರಂಕಿನಲ್ಲಿದೆ. ಮುಜಾಫರ ಅಕ್ಬರಸಾಬ ಎಂದು ಸಹಿ ಹಾಕಿದವಳು ನಾನೇ, ನಿನ್ನ ಹಳೆಯ ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು. ಅಂಚೆಯಲ್ಲಿ ಬಂತೆಂದು ಏಪ್ರಿಲ್ ಎಂಟಕ್ಕೆ ಶಾಲೆಗೆ ಕೊಡುತ್ತೇನೆ. ನನ್ನ ಹೆಸರಿನಲ್ಲಿ ಬೇಡಿಕೊಂಡಿದ್ದರೆ ಹೆಡ್‌ಮಾಸ್ತರರು ಒಪ್ಪುತ್ತಿದ್ದರೋ ಏನೋ, ನಾನು ಕೇಳಲೇ ಇಲ್ಲ. ಬೂಟು ತೊಳೆದ ದಿನ ಸಾಲಿನಲ್ಲಿ ನಿಂತು ನಿನ್ನ ಬಾಯಿಗೆ ಬಾರದ ಮಾತನ್ನು ನಿನ್ನ ಮಗಳು ಬರೆದಿದ್ದಾಳೆ ಮಗಾ, ಅದರ ಕೆಳಗೆ ನಿನ್ನ ಹೆಸರೇ ಇರಬೇಕು ಅನ್ನಿಸಿತು. ಹೆಡ್‌ಮಾಸ್ತರರು ಅದೇ ದಿನ ನಿನಗೆ ಫೋನ್ ಮಾಡಿ ಕೇಳುತ್ತಾರೆ. ನನ್ನನ್ನು ಆಮೇಲೆ ಎಷ್ಟು ಬೇಕಾದರೂ ಬೈ. ಅವರಿಗೆ ಮಾತ್ರ “ಹೌದ್ರಿ ಸರ್, ಸಹಿ ನಂದ ಐತಿ” ಎನ್ನು.