ನಿಲ್ಲಿಸಿಟ್ಟ ಆಟ

ಅಡಾಜಣ್, ಸೂರತ್
9 ಅಕ್ಟೋಬರ್ 1994

ಮೇದಿನಿಯ ಅಪ್ಪನವರಿಗೆ ಶಾಂತಾಳ ನಮಸ್ಕಾರಗಳು.

ಇಲ್ಲಿ ನಾನೂ ಮಾವನವರೂ ಕ್ಷೇಮ. ಮದುವೆಯಾದಾಗಿನಿಂದ ಬರೆದ ಎಲ್ಲ ಕಾಗದಗಳಲ್ಲೂ ಈ ಸಾಲನ್ನು ಕೈ ತಾನಾಗಿ ಬರೆದುಬಿಡುತ್ತಿತ್ತು. ಈ ಸಲ ಯೋಚಿಸಿ ಬರೆದಿದ್ದೇನೆ.

ನಿಮ್ಮ ದಪ್ಪನೆಯ ಕಾಗದ ಮೊನ್ನೆ ಬಂತು. ಮೇದಿನಿ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಿಮ್ಮ ಸ್ನೇಹಿತ ಸುಬ್ರಹ್ಮಣ್ಯ ಅವರ ಮನೆಯಲ್ಲಿ ಉಂಡುಟ್ಟು ಚೆನ್ನಾಗಿದ್ದಾಳೆಂದು ಓದಿ ಹೊಟ್ಟೆ ತಣ್ಣಗಾಯಿತು. ಅದು ಮೊದಲ ಪುಟದ ಎರಡು ಸಾಲು. ಉಳಿದದ್ದೆಲ್ಲ ಆಪದ್ಧರ್ಮ, ತಂದೆಯ ಋಣ ದೊಡ್ಡದೋ ಮಗಳ ಋಣ ದೊಡ್ಡದೋ, ಬದುಕಿದ್ದರೆ ತಾನೇ ಕರ್ತವ್ಯ, ಹೀಗೆ. ಕಟ್ಟಕಡೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, ನಾನೀಗ ಬರಲೇ, ಅಪ್ಪ ಏನಂದಾರು ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ಬರೆಯಲು ಕೂತಿದ್ದೇನೆ. ನೇರವಾಗಿ ಬರೆಯಲು ಆಗುತ್ತಿಲ್ಲ. ಸುತ್ತಿ ಬಳಸಿ ಬರುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ಪ್ಲೇಗ್ ಎಂಬ ಮಾತು ಊರೆಲ್ಲ ಹಬ್ಬಿದ ದಿನ ನಾವು ಮೂವರೂ ಕೂತು ತೀರ್ಮಾನಿಸಿದ್ದೆವಲ್ಲ: ಸೊಂಟ ಮುರಿದುಕೊಂಡ ಮಾವನವರನ್ನು ಆ ರೈಲಿನ ನೂಕುನುಗ್ಗಲಿಗೆ ಹತ್ತಿಸುವುದು ಸಾಧ್ಯವಿಲ್ಲ, ನಾನು ಅವರ ಜೊತೆ ಇರುವುದು, ನೀವು ಮಗುವನ್ನು ಅಹಮದಾಬಾದಿಗೆ ಬಿಟ್ಟು ಮರುದಿನ ಬಂದುಬಿಡುವುದು. ಅದು ಸರಿಯಾದ ತೀರ್ಮಾನವೇ. ಮರುದಿನ ನೀವು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಸಿಟ್ಟು ಬಂತೇ ಎಂದರೆ ಬಂತು. ಕನ್ನಡ ಸಂಘದಲ್ಲಿ ಭಾನುವಾರ ಭಾನುವಾರ ಈ ದೇಹ ಬಾಡಿಗೆ ಮನೆ ಎಂದು ಉಪನ್ಯಾಸ ಕೊಡುವವರು, ಬಾಡಿಗೆ ಮನೆಯನ್ನು ಇಷ್ಟು ಜೋಪಾನ ಮಾಡುತ್ತಾರೆಂದು ಗೊತ್ತಿರಲಿಲ್ಲ.

ಇಲ್ಲಿ ನಮ್ಮ ದಿನ ಹೇಗೆ ಕಳೆಯಿತು ಎಂದು ಕೇಳಿದ್ದೀರಿ. ವಿಡಿಯೋ ಗೇಮ್ ಆಡಿ ಕಳೆಯಿತು. ನಗಬೇಡಿ. ಸೊಸೈಟಿಯ ಮನೆಗಳೆಲ್ಲ ಖಾಲಿ. ಎದುರುಮನೆಯ ಹಂಸಾಬೆನ್ ತುಳಸಿಗೆ ನೀರು ಹಾಕೆಂದು ಬೀಗದ ಕೈ ನನ್ನ ಕೈಗೆ ತುರುಕಿ ಭಾವನಗರಕ್ಕೆ ಹೊರಟುಹೋದರು. ಪೇಪರಿನವನಿಲ್ಲ, ರೇಡಿಯೋಕ್ಕೆ ಸೆಲ್ ಇಲ್ಲ. ಟಿವಿ ಹಾಕಿದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡುವ ನಮ್ಮೂರಿನವರನ್ನೇ ತೋರಿಸುತ್ತಿದ್ದರು. ಮಾವನವರು ನೋಡಿ ನೋಡಿ, ಮೇದಿನಿ ಆಡತಿದ್ದಳಲ್ಲ, ಆ ಕ್ಯಾಸೆಟ್ಟರ ಹಚ್ಚವಾ ಎಂದರು. ಆಂಟೆನಾ ವೈರು ಕಿತ್ತು ಅದರ ಪೆಟ್ಟಿಗೆಯ ವೈರು ಸಿಕ್ಕಿಸಿದೆ.

ಮೊದಲ ದಿನ ಅವರು ಆಡಲಿಲ್ಲ, ನೋಡಿದರು. ಗಿಡ್ಡ ಬೊಂಬೆಯೊಂದು ಗುಂಡಿ ಹಾರಿ ಗೋಡೆ ಹತ್ತಿ ಬಲಗಡೆಗೇ ಓಡುತ್ತದಲ್ಲ, ಅದು. ನಾನು ಆಡಿಸಿದೆ, ಬಿದ್ದು ಸತ್ತಿತು, ಮತ್ತೆ ಮೊದಲ ಜಾಗದಲ್ಲಿ ಕಣ್ಣು ಮಿಟುಕಿಸುತ್ತ ಎದ್ದು ನಿಂತಿತು. ಅವರು ಕನ್ನಡಕ ಸರಿ ಮಾಡಿಕೊಂಡು, “ಶಾಂತಾ, ಈಗ ಸತ್ತನಲ್ಲ, ಮತ್ತ ಬಂದನಲ್ಲ, ಇಂವ ಅವನ ಏನು, ಬ್ಯಾರೆಯವನೋ?” ಎಂದರು. ನಾನು ಅವನೇ ಎಂದೆ. ಅವನೇ ಆಗಿದ್ದರ ಅದೇ ಗುಂಡಿಗೆ ಮತ್ತ ಯಾಕ ಬೀಳತಾನ, ಅವಗ ನೆನಪಿಲ್ಲಲ್ಲ ಎಂದರು. ನೆನಪು ಅವನಿಗಿಲ್ಲ, ಆಡಿಸುವ ನನಗಿದೆ, ನನ್ನ ಕೈ ಜಾರಿತು ಎಂದೆ. ಹಂಗಾದರ ನಮ್ಮದೂ ಯಾರದೋ ಕೈ ಜಾರಿ ಆಗತದೇನು ಎಂದು ಗೊಣಗಿ, ಊಟ ಬಡಿಸು ಎಂದರು. ನಿಮ್ಮ ಉಪನ್ಯಾಸಗಳಲ್ಲಿ ಇಷ್ಟು ಬೇಗ ವಿಷಯಕ್ಕೆ ಬಂದದ್ದು ನಾನು ಕೇಳಿಲ್ಲ.

ಆಮೇಲೆ ಅವರೂ ರಿಮೋಟ್ ಹಿಡಿದರು. ಇಬ್ಬರೂ ಒಟ್ಟಿಗೆ ಆಡುವ ಕ್ಯಾಸೆಟ್ ಒಂದಿದೆ. ಅದರಲ್ಲಿ ಒಬ್ಬ ಎಷ್ಟು ಜೋರಾಗಿ ಓಡಿದರೂ ಹಿಂದಿನವನು ಬರುವ ತನಕ ಪರದೆ ಸರಿಯುವುದಿಲ್ಲ. ಮುಂದಿನವನು ಅಂಚಿಗೆ ಮುಖವೊತ್ತಿ ನಿಂತಲ್ಲೇ ಕಾಲಾಡಿಸುತ್ತಿರುತ್ತಾನೆ. ಮಾವನವರ ಬೊಂಬೆ ಪ್ರತಿ ಗುಂಡಿಯ ಮುಂದೆಯೂ ನಿಂತು ವಿಚಾರ ಮಾಡುತ್ತಿತ್ತು. ನಾನು ರೇಗಿದೆ, ಹಾರಬಾರದೇ ಮಾವ, ಮೂರು ಜೀವ ಇವೆಯಲ್ಲ ಎಂದೆ. ಅವರು ರಿಮೋಟ್ ಕೆಳಗಿಟ್ಟರು. “ಮೂರು ಇಟಗೊಂಡಾಂವ ಹಾರಿದರ ಅದೇನು ಧೈರ್ಯ? ಒಂದ ಇದ್ದಾಂವ ಅಂಜತಾನ. ಅಂಜಬೇಕು. ನಾ ಇಲ್ಲಿ ಕೂತೇನಿ ಅಂದರ ಶೂರ ಅಂತಲ್ಲ, ಕಾಲಿಲ್ಲ, ಅದಕ್ಕ ಕೂತೇನಿ.” ನಿಮ್ಮ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವರು ಹೇಳಿದ್ದನ್ನು ರೊಟ್ಟಿ ತಟ್ಟುತ್ತ ಯೋಚಿಸಿದೆ. ನಿಮಗೆ ಇರುವುದು ಒಂದು ಜೀವ, ಒಬ್ಬ ಮಗಳು. ಯಾರ ಋಣ ದೊಡ್ಡದೆಂಬ ನಿಮ್ಮ ಪ್ರಶ್ನೆ ಸುಳ್ಳಲ್ಲ, ನನಗೂ ಅದರ ಉತ್ತರ ಗೊತ್ತಿಲ್ಲ. ಮಾವನವರಿಗೆ ಕಾಲಿಲ್ಲ. ನನಗೆ ಎರಡು ಕಾಲೂ ಗಟ್ಟಿ ಇದ್ದವು. ಹಾಗಾದರೆ ನಾನೇಕೆ ಉಳಿದೆ ಎಂದು ನೀವೂ ಕೇಳಿಲ್ಲ, ಅವರೂ ಕೇಳಿಲ್ಲ. ಬೆಳಿಗ್ಗೆ ಅವರನ್ನು ಬಚ್ಚಲಿಗೆ ಕರೆದೊಯ್ಯಲು ಒಬ್ಬರು ಬೇಕಿತ್ತು. ಇದರಲ್ಲಿ ವೇದಾಂತವೇನೂ ಇಲ್ಲ. ಆದರೆ ಹೆದರಿಕೆ ನನಗೂ ಆಗಿತ್ತು, ಅದನ್ನು ಯಾರಾದರೂ ಕೇಳಲಿ ಎಂದು ಅನಿಸಿತ್ತು.

ಒಂದು ತಮಾಷೆ ಹೇಳುತ್ತೇನೆ. ಒಂದು ದಿನ ಇಬ್ಬರೂ ಸೇರಿ ಮೇದಿನಿಯೂ ಕಾಣದಷ್ಟು ದೂರ ಹೋಗಿಬಿಟ್ಟೆವು. ಊಟದ ಹೊತ್ತಾಯಿತು, ಆಟ ನಿಲ್ಲಿಸುವ ಗುಂಡಿ ಒತ್ತಿದೆ. ಬೊಂಬೆಗಳೆರಡೂ ಗಾಳಿಯಲ್ಲಿ ಹಾರಿದ ಹಾಗೇ ನಿಂತವು. ಸಂಜೆ ವಾರ್ತೆ ನೋಡೋಣವೆಂದು ವೈರು ಬದಲಿಸಲು ಹೋದರೆ ಮಾವನವರು ಬಿಡಲಿಲ್ಲ. “ಬಂದ ಮಾಡಬ್ಯಾಡ. ಬಂದ ಮಾಡಿದರ ಪಾಪ ಅವರು ಮತ್ತ ಮೊದಲಿನಿಂದ ಬರಬೇಕು.” ಪೆಟ್ಟಿಗೆ ಬಿಸಿಯಾಗುತ್ತದೆಂದು ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡಿಸಿದರು! ಮರುದಿನ ಒಂದಿಷ್ಟು ಆಡುವುದು, ಮತ್ತೆ ನಿಲ್ಲಿಸಿಡುವುದು, ಹೀಗೇ ನಡೆಯಿತು. ಆಡಿಸುವವರು ಊಟಕ್ಕೆ ಹೋಗಿದ್ದಾರೆಂದು ಆ ಬೊಂಬೆಗಳಿಗೆ ಹೇಗೆ ಗೊತ್ತಾಗಬೇಕು ಎಂದು ಅವರ ಚಿಂತೆ. ಗೊತ್ತಾದರೆ ತಾನೇ ಬೇಸರ, ಗೊತ್ತಿಲ್ಲದ್ದೇ ಸುಖ ಎಂದು ನನ್ನ ವಾದ. ಅದನ್ನು ಇನ್ನೂ ತೀರ್ಮಾನಿಸಿಲ್ಲ.

ಹೀಗಾಗಿ ವಾರ್ತೆ ನೋಡುವುದು ನಿಂತೇಹೋಯಿತು. ರೋಗ ಇಳಿದದ್ದು, ಹೋದವರು ರೈಲಿನ ಮೇಲೆ ರೈಲು ಹತ್ತಿ ವಾಪಸು ಬರುತ್ತಿರುವುದು ಒಂದೂ ನಮಗೆ ತಿಳಿಯಲಿಲ್ಲ. ಊರೆಲ್ಲ ಬಾಗಿಲು ತೆರೆದ ಮೇಲೂ ನಾವಿಬ್ಬರೇ ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ಹಂಸಾಬೆನ್ ಬಂದು ಬಾಗಿಲು ಬಡಿದಾಗ ನಾನು ಮೂಗು ಬಾಯಿಗೆಲ್ಲ ಸೀರೆ ಸುತ್ತಿಕೊಂಡು ತೆರೆದೆ. ಅವರು ಬಿದ್ದು ಬಿದ್ದು ನಕ್ಕರು. ಅದೇ ಮಧ್ಯಾಹ್ನ ಕರೆಂಟು ಹೋಗಿ ಆಟ ಮುಗಿಯಿತು. ಮಾವನವರು ಕಪ್ಪು ಪರದೆ ನೋಡುತ್ತ, “ಹೋದರಲ್ಲ. ಸ್ನಾನ ಮಾಡಬೇಕೇನು?” ಎಂದರು. ನಾನೂ ನಕ್ಕೆ, ಅವರೂ ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು.

ಈಗ ನಿಮ್ಮ ಪ್ರಶ್ನೆ. ನೀವು ಒಮ್ಮೆ ಹೊರಟು ವಡೋದರಾದ ತನಕ ಬಂದಿರಿ, ಎದುರು ಪ್ಲಾಟ್‌ಫಾರಂನಲ್ಲಿ ಸೂರತ್ತಿನಿಂದ ಬಂದ ರೈಲು, ಕಿಟಕಿಯ ಸರಳಿಗೆಲ್ಲ ಜೋತುಬಿದ್ದ ಜನ, ನೋಡಿ ಇಳಿದುಬಿಟ್ಟಿರಿ, ಬೆಂಚಿನ ಮೇಲೆ ಸಂಜೆಯ ತನಕ ಕೂತು ವಾಪಸು ಹೋಗುವ ರೈಲು ಹತ್ತಿದಿರಿ ಎಂದು ಬರೆದಿದ್ದೀರಲ್ಲ, ಅಷ್ಟೂ ಪುಟಗಳಲ್ಲಿ ನನಗೆ ನಿಮ್ಮದೇ ಎನಿಸಿದ ಮಾತು ಅದೊಂದೇ. ಅದಷ್ಟನ್ನೇ ಮಾವನವರಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಏನಾದರೂ ಅನ್ನುತ್ತಾರೆಂದು ಕಾದೆ. “ಅಲ್ಲೆ ಸಂಜೀತನಕ ಕೂತಿದ್ದನಲ್ಲ ನಮ್ಮ ಭೀಮಸೇನ, ಏನರ ತಿಂದಿದ್ದನಂತೋ ಇಲ್ಲೋ?” ಎಂದಷ್ಟೇ ಕೇಳಿದರು. ಅಪ್ಪ ಏನಂದಾರು ಎಂದು ಕೇಳಿದ್ದಿರಿ. ಅಂದದ್ದು ಇಷ್ಟು.

ಬನ್ನಿ. ಮೇದಿನಿಯ ಶಾಲೆ ತೆರೆಯುವ ತನಕ ಅವಳು ಅಲ್ಲೇ ಇರಲಿ, ನೀವು ಬನ್ನಿ. ಆಪದ್ಧರ್ಮದ ವಿಷಯ ಬಾಗಿಲಲ್ಲೇ ಶುರು ಮಾಡಬೇಡಿ. ಸುಬ್ರಹ್ಮಣ್ಯ ಅವರ ಮನೆಯ ಹತ್ತಿರದ ಅಂಗಡಿಯಲ್ಲಿ ಕಾಫಿಪುಡಿ ಸಿಕ್ಕರೆ ತನ್ನಿ, ಮನೆಯಲ್ಲಿ ತೀರಿದೆ. ರಾತ್ರಿಯ ರೈಲು ಬೇಡ.

ಇಂತು,
ಶಾಂತಾ

ತಾ.ಕ.: ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನೀವು ಹೊರಟ ವಾರದಲ್ಲೇ ನನಗೆ ಜ್ವರ ಬಂದಿತ್ತು. ಒಳಕೋಣೆಯ ಚಿಲಕ ಹಾಕಿಕೊಂಡು ಮಲಗಿದೆ. ಒಬ್ಬರೇ ನಡೆಯಬಾರದಿದ್ದರೂ ಮಾವನವರು ವಾಕರ್ ಎಳೆದುಕೊಂಡು ಬಂದು ಬಾಗಿಲ ಹೊರಗೆ ಗಂಜಿ ಇಡುತ್ತಿದ್ದರು, ನಾನು ಬೈದರೂ ಕೇಳಲಿಲ್ಲ. ಕಾರ್ಪೊರೇಷನ್ನಿನ ಡಾಕ್ಟರು ಬಂದು ನೋಡಿ ಸಾದಾ ಜ್ವರ ಎಂದರು. ಅವರು ಬರುವ ಮೊದಲು, ಮಧ್ಯಾಹ್ನ, ಹಂಸಾಬೆನ್ ಮನೆಯ ಬೀಗ ತೆಗೆದು ಅಹಮದಾಬಾದಿಗೆ ಫೋನ್ ಮಾಡಿದ್ದೆ. ನೀವೇ ಎತ್ತಿಕೊಂಡು ಎರಡು ಸಲ ಹಲೋ ಅಂದಿರಿ. ಇಟ್ಟುಬಿಟ್ಟೆ. ನೀವು ಓಡಿ ಬಂದೀರಿ ಎಂದು ಹೆದರಿ ಅಲ್ಲ. ಬರಲಾರೆ ಎಂದುಬಿಟ್ಟರೆ ಆಮೇಲೆ ನಿಮ್ಮ ಜೊತೆ ಬಾಳುವುದು ಹೇಗೆ ಎಂದು ಹೆದರಿ. ಅವತ್ತು ಕೇಳದೇ ಇದ್ದದ್ದರಿಂದಲೇ ಇವತ್ತು ಬನ್ನಿ ಎಂದು ಬರೆಯಲು ಆಗಿದೆ.