ಲೊರೇನ್‌ಳ ‘ಹೇಗಿದ್ದೀರಿ’

ಮಾರ್ಚ್ 14, ಬೆಳಿಗ್ಗೆ

ನಾನು ರೈಸಾ ಪ್ರೊಖೋರೊವ್ನಾ. ವೋಲ್ಗಾ ನದಿ ದಂಡೆಯ ಕಿನೆಶ್ಮಾ ಊರಿನ ನೇಯ್ಗೆ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವಳು, ಈ ಮನೆಯ ಹಿರಿಯಳು. ನಾನು ಕೂರದೆ ಇಲ್ಲಿ ಯಾರೂ ಚಮಚ ಎತ್ತುವುದಿಲ್ಲ.

ಗಂಜಿ ಕಲಕುತ್ತಿದ್ದೆ. ಸೊಸೆ ಲೊರೇನ್ ಬಂದಳು. ಕೆನಡಾದವಳು. ಹಲ್ಲು ಕಿರಿದು, “ಹೇಗಿದ್ದೀರಿ ಅಮ್ಮ?” ಎಂದಳು. ಮಂಡಿನೋವು, ಬಿ.ಪಿ., ನಿದ್ದೆ ಬಾರದ್ದು — ಹೇಳತೊಡಗಿದೆ. ಅಷ್ಟರಲ್ಲಿ ಕೆಟಲ್ ತುಂಬಿಸಿಕೊಂಡು ಹೋಗಿಯೇಬಿಟ್ಟಳು.

ಮಗ ಗ್ಲೆಬ್ ನಕ್ಕ. “ಅಮ್ಮಾ, ಅವರ ಕಡೆ ಅದು ಬರೀ ನಮಸ್ಕಾರ ಇದ್ದ ಹಾಗೆ. ಉತ್ತರ ಬೇಕಾಗಿಲ್ಲ.”

“ಉತ್ತರ ಬೇಡ ಅಂದ್ರೆ ಕೇಳೋದ್ಯಾಕೆ?”

ಮಾರ್ಚ್ 28

ಗ್ಲೆಬ್‌ನನ್ನು ಮಣ್ಣು ಮಾಡಿ ಬಂದೆವು. ಮೊನ್ನೆ ಮೀನಿಗೆಂದು ಹೋಗಿದ್ದ. ವೋಲ್ಗಾದ ಮೇಲಿನ ಮಂಜುಗಡ್ಡೆ ಬಿರಿಯಿತು. ಬೇಡವೋ ಎಂದಿದ್ದೆ...

ಏಪ್ರಿಲ್ 3

ಅವನು ತೀರಿಕೊಂಡ ಒಂಬತ್ತನೆಯ ದಿನದ ಊಟ. ಲೊರೇನ್ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಗು ಹಂಚಿದಳು. “ಬನ್ನಿ, ಹೇಗಿದ್ದೀರಿ?” ಯಾರೂ ಮುಖ ಎತ್ತಲಿಲ್ಲ.

ಪಕ್ಕದ ಮನೆಯ ತೈಸಿಯಾ ನನ್ನ ಕಿವಿಗೆ ಬಾಗಿದಳು. “ನಿನ್ನ ಸೊಸೆ ಮದುವೆ ಮನೇಲಿ ನಿಂತಂಗೆ ನಿಂತವ್ಳಲ್ಲೇ.”

ನಾಚಿಕೆಯಿಂದ ತಟ್ಟೆ ಪಕ್ಕಕ್ಕೆ ಸರಿಸಿದೆ. ಎಲ್ಲರೂ ಹೋದ ಮೇಲೆ ಹೇಳಿದೆ, “ನಿನ್ನ ತಾಯಿ ಮನೆಗೆ ಹೊರಡು. ಈ ಮನೇಲಿ ನಿನಗಿನ್ನು ಜಾಗ ಇಲ್ಲ.”

“ಸರಿ ಅಮ್ಮ,” ಎಂದಳು. ಆಗಲೂ ಅದೇ ನಗು.

ಏಪ್ರಿಲ್ 6

ತೈಸಿಯಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

“ನಿನ್ನ ಸೊಸೆ ಕೆಳಗೆ ಬೆಂಚ್ ಮೇಲೆ ಕೂತಿದ್ಲು ಕಣೇ. ಕಾಲಿಗೆ ಗ್ಲೆಬ್‌ನ ಬೂಟು. ಅದೂ ಎಡದ್ದು ಬಲಕ್ಕೆ. ಹೇಗಿದ್ದೀಯಮ್ಮ ಅಂದೆ. ಚೆನ್ನಾಗಿದ್ದೀನಿ ಅಂದ್ಲು, ನಕ್ಕೊಂಡು. ಮೇಲೆ ಕಳಿಸಿದೀನಿ. ಅದು ನಗು ಅಲ್ಲ ರೈಸಾ.”

ಲೊರೇನ್‌ಳ ಕೋಣೆಗೆ ಹೋದೆ. ಸೂಟ್‌ಕೇಸ್ ಕಟ್ಟಿಟ್ಟಿದ್ದಳು. ಅದರ ಮೇಲೇ ಕೂತೆ.

“ಹೇಗಿದ್ದೀಯ?”

“ಚೆನ್ನಾಗಿದ್ದೀನಿ ಅಮ್ಮ.”

“ಇಲ್ಲಿ ಹಾಗನ್ನಬಾರದು. ನಾನು ಕೇಳ್ತಿದ್ದೀನಿ. ಹೇಳು.”

ಅವಳು ನನ್ನ ಮುಖ ನೋಡಿದಳು. ಕೊನೆಗೂ ನಗು ಬಿಟ್ಟುಹೋಯಿತು. ನಮ್ಮ ಮಾತು ಅವಳಿಗೆ ಸಾಲಲಿಲ್ಲ; ತನ್ನ ಭಾಷೆಯಲ್ಲೇ ಹೇಳಿದಳು, ಅತ್ತಳು, ಮತ್ತೆ ಹೇಳಿದಳು. ನನಗೆ ತಿಳಿದದ್ದು ಒಂದೇ ಪದ, ಗ್ಲೆಬ್. ಪ್ರತಿ ಸಲ ಅದು ಬಂದಾಗಲೂ ತಲೆಯಾಡಿಸಿದೆ.

ಕೆಳಗೆ ಅವಳು ಕರೆಸಿದ್ದ ಟ್ಯಾಕ್ಸಿಯ ಹಾರ್ನ್. ಎದ್ದು ಹೋದೆ. ಯಾರೂ ಹೊರಡುತ್ತಿಲ್ಲ ಎಂದು ಹೇಳಿ ಕಳಿಸಿಬಿಟ್ಟೆ.