ಒಲೆ ಪಕ್ಕ ಕಪ್ಪಾದ ಬಾಟಲಿ

ತಾಲ್ಲೂಕಿನ ಕುಡಿಯುವ ನೀರಿನ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ನಲ್ಲಿ ನೀರಿನಲ್ಲಿ ಮಲದ ರೋಗಾಣುಗಳಿಲ್ಲ ಎಂದು ತಾವು ಸಹಿ ಹಾಕಿದ ದಿನದಿಂದ ನಮಗೆ ಟ್ಯಾಂಕರ್ ಬರುವುದು ನಿಂತಿದೆ, ಎರಡನೇ ತರಗತಿ ಓದುವ ನನ್ನ ಮಗಳು ರೂಪಳಿಗೆ ಭೇದಿ ನಿಂತಿಲ್ಲ. ಅಭಿನಂದನೆಗಳು.

ಪರೀಕ್ಷೆ ಹೇಗೆ ನಡೆಯಿತೆಂದು ನನಗೆ ಗೊತ್ತು, ನೀರು ಹಿಡಿದವಳು ನಾನೇ. ನಮ್ಮ ಮಹಿಳಾ ಸಂಘಕ್ಕೆ ತಾವೇ ತರಬೇತಿ ಕೊಡಿಸಿ, ಔಷಧಿ ಹಾಕಿದ ಪುಟ್ಟ ಬಾಟಲಿಗಳನ್ನು ಹಂಚಿದಿರಿ. ನೀರು ತುಂಬಿ ಒಂದು ದಿನ ಬಿಡಬೇಕು, ಕೆಟ್ಟ ನೀರಾದರೆ ಕಪ್ಪಾಗುತ್ತದೆ. ಜನವರಿಯ ಚಳಿಯಲ್ಲಿ ಎರಡು ಬಾಟಲಿ ತುಂಬಿದೆ. ಒಂದನ್ನು ತಮ್ಮ ಸಿಬ್ಬಂದಿ ಪಂಚಾಯಿತಿ ಕಚೇರಿಯ ಕಲ್ಲುನೆಲದ ಮೇಲಿಟ್ಟರು. ಇನ್ನೊಂದು ನನ್ನ ಬ್ಯಾಗಿನಲ್ಲೇ ಮನೆಗೆ ಬಂತು. ನಮ್ಮತ್ತೆ ಮುನಿಗಂಗಮ್ಮ ಅದನ್ನು ಕಂಡು, ಸೊಸೆ ಅದೇನೋ ಹೆಪ್ಪು ಹಾಕಿದ್ದಾಳೆ ಅಂದುಕೊಂಡು, ಮೊಸರಿನ ಪಾತ್ರೆಯ ಜೊತೆಗೇ ಬಟ್ಟೆ ಹೊದಿಸಿಬಿಟ್ಟರು.

"ಈ ಚಳೀಗೆ ಮೊಸ್ರೇ ಎಪ್ಪಾಗಲ್ಲ, ನಿನ್ ಸೀಸೆ ಎಂಗಾಯ್ತದಮ್ಮಾ? ಒಲೆ ಪಕ್ಕ ಇಕ್ಕಿವ್ನಿ" ಅಂದರು.

ಬೆಳಿಗ್ಗೆ ಮೊಸರು ಗಟ್ಟಿಯಾಗಿತ್ತು, ಬಾಟಲಿ ಕಾಡಿಗೆಯಂತೆ ಕಪ್ಪಾಗಿತ್ತು. ಕಚೇರಿಯದು ಮಾತ್ರ ಬಣ್ಣ ಬದಲಿಸದೆ ಕೂತಿತ್ತು. ಒಂದೇ ನಲ್ಲಿ, ಒಂದೇ ನೀರು! ಕರುಳಿನಲ್ಲಿ ಬದುಕುವ ಜೀವಿಗಳು ಮೈಬಿಸಿಗೆ ಒಗ್ಗಿದವು. ಚಳಿಗೆ ಅವು ಸಾಯುವುದಿಲ್ಲ, ತಿನ್ನುವುದು ಬೆಳೆಯುವುದು ನಿಧಾನವಾಗುತ್ತದೆ, ಅಷ್ಟೆ; ಅವು ಬೆಳೆದರೇ ಬಾಟಲಿ ಕಪ್ಪಾಗುವುದು. ಅದಕ್ಕೇ ಅವು ಇಲ್ಲವೆಂದು ಬರೆದುಬಿಡುವುದೇ? ಭಾನುವಾರ ಕಚೇರಿ ತೆರೆಯದಿದ್ದರೆ ತಾವೇ ಇಲ್ಲವೆಂದು ನಾವು ಬರೆಯುತ್ತೇವೆಯೇ?

ಕಪ್ಪು ಬಾಟಲಿ ಹಿಡಿದು ಕಚೇರಿಗೆ ಓಡಿದೆ. ತಮ್ಮ ಸಿಬ್ಬಂದಿ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. "ಒಲೆ ಪಕ್ಕ ಇಕ್ಕಿದ್ದು ಲೆಕ್ಕಕ್ಕೆ ಬರಲ್ಲಮ್ಮ. ಬೇಸ್ಗೇಲಿ ಬಾ, ಇನ್ನೊಂದ್ಕಿತ ನೋಡಾಣ" ಅಂದರು.

ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಆ ನಲ್ಲಿಯಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರುವುದಿಲ್ಲ, ಸ್ವಾಮಿ. ನೀರಿದ್ದಾಗ ಚಳಿ, ಬಿಸಿಲಿದ್ದಾಗ ನೀರಿಲ್ಲ. ತಮ್ಮ ಪರೀಕ್ಷೆಯಲ್ಲಿ ಈ ನೀರು ಫೇಲಾಗುವಂಥ ತಿಂಗಳೇ ವರ್ಷದಲ್ಲಿಲ್ಲ. ಮನೆಯಲ್ಲಿ ಕಾಯಿಸಿ ಕುಡಿಸುತ್ತೇನೆ. ಶಾಲೆಗೂ ಕಟ್ಟಿಕೊಡುತ್ತೇನೆ, ಮಧ್ಯಾಹ್ನದೊಳಗೆ ಅದು ಖಾಲಿ, ಆಮೇಲೆ ಶಾಲೆಯ ಡ್ರಮ್ಮೇ ಗತಿ. ಅದಕ್ಕೂ ಅದೇ ನಲ್ಲಿಯ ನೀರು. ಕೇಳಿದರೆ ಮೇಷ್ಟ್ರು ತಾವು ಸಹಿ ಹಾಕಿದ ವರದಿ ತೋರಿಸುತ್ತಾರೆ. ಮಗಳನ್ನು ಶಾಲೆಯಿಂದ ಬಿಡಿಸಲೇ? ಎತ್ತ ತಿರುಗಿದರೂ ತಮ್ಮ ಸಹಿ ಅಡ್ಡ ನಿಂತಿದೆ. ನನಗೆ ಭಯವಾಗುತ್ತಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಇನ್ನೊಂದು ಬಾಟಲಿ ತುಂಬಿಸಿ ಮೈಬಿಸಿಯಷ್ಟು ಬೆಚ್ಚಗಿರುವ ಪೆಟ್ಟಿಗೆಯಲ್ಲಿಡಿಸಿ. ಫಲಿತಾಂಶ ಬರುವವರೆಗೆ ಟ್ಯಾಂಕರ್ ಕಳಿಸಿ. ಪೆಟ್ಟಿಗೆಗೆ ಅನುದಾನವಿಲ್ಲವೆಂದು ಮಾತ್ರ ಬರೆಯಬೇಡಿ. ತಮ್ಮ ಕಚೇರಿಯಲ್ಲಿ ಸಿಗದ ಬಿಸಿ ಈ ಜೀವಿಗಳಿಗೆ ನನ್ನ ರೂಪಳ ಹೊಟ್ಟೆಯಲ್ಲಿ ಸಿಗುತ್ತಿದೆ. ಸದ್ಯಕ್ಕೆ ನಮ್ಮೂರಿನ ನೀರು ಸರಿಯಾಗಿ ಪರೀಕ್ಷೆಯಾಗುತ್ತಿರುವುದು ಅಲ್ಲಿ ಮಾತ್ರ.

ಇಂತಿ,
ತಮ್ಮ ವರದಿಯಲ್ಲಿ ಶುದ್ಧ ನೀರು ಕುಡಿಯುತ್ತಿರುವ
ಶ್ಯಾಮಲ
ಕ್ಯಾಸಂಬಳ್ಳಿ ಹೋಬಳಿ